ಶನಿವಾರ ಐದು ಗಂಟೆಯ ರಾಕ್ ರೇಡಿಯೋ

ನಮ್ಮ ರೇಡಿಯೋಗೆ ರಾಕ್ ಹುಚ್ಚು ಹತ್ತಿಸಿದವಳು ನಾನೇ. ಬೇರೆ ಯಾರಾದರೂ ಆ ಹೆಗ್ಗಳಿಕೆ ಹೊಡೆದುಕೊಳ್ಳಲು ಬಂದರೆ ಜಗಳಕ್ಕೇ ನಿಲ್ಲುತ್ತೇನೆ. ಕಾರವಾರಕ್ಕೂ ಅಂಕೋಲೆಗೂ ನಡುವೆ, ಹೆದ್ದಾರಿ ಪಕ್ಕದ ಗುಡ್ಡದ ಮೇಲೆ ಒಂದು ಪುಟ್ಟ ಸಮುದಾಯ ರೇಡಿಯೋ ಕೇಂದ್ರ ಅದು. ಭತ್ತದ ರೋಗ, ಬಾಣಂತಿಯ ಆರೈಕೆ, ಭಜನೆ, ಮತ್ತೆ ಭತ್ತದ ರೋಗ. ಶನಿವಾರ ಸಂಜೆ ಐದರಿಂದ ಆರು ಮಾತ್ರ ಖಾಲಿ ಬಿದ್ದಿತ್ತು. ಅಂಕೋಲೆಯ ಕಚೇರಿಯೊಂದರಲ್ಲಿ ನನಗೆ ಕೆಲಸ, ಶನಿವಾರ ಮಧ್ಯಾಹ್ನದ ಮೇಲೆ ಬಿಡುವು. ಆ ಒಂದು ತಾಸು ನನಗೆ ಕೊಡಿ ಎಂದೆ, ಕೊಟ್ಟರು. ಏನು ಹಾಕುತ್ತೀಯೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಶನಿವಾರ ಗಿಟಾರ್ ಮೊಳಗಿದಾಗ ಮನೆಯಲ್ಲಿ ಆಯಿ, ನಮ್ಮಮ್ಮ, ರೇಡಿಯೋ ಕೆಟ್ಟಿತೆಂದು ಎರಡು ಸಲ ತಟ್ಟಿ ನೋಡಿದಳಂತೆ. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೊದಮೊದಲು ಹೊರಗಿನವರ ಹಾಡು. ಆಮೇಲೆ ಕಾರವಾರದ ತಂಡಗಳು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದ ಕೊಂಕಣಿ ರಾಕ್, ಅದರ ಹಿಂದೆ ಫ್ಯಾನು ತಿರುಗುವ ಸದ್ದೂ ಪುಕ್ಕಟೆ! ಗಾಳಿ ಸರಿಯಿದ್ದ ದಿನ ಕಾರವಾರದಾಚೆಯ ದೇವಬಾಗದಲ್ಲೂ ಕೇಳುತ್ತದೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಗಿಟಾರ್ ಬಾರಿಸುವ ನನ್ನ ತಮ್ಮ, ಚಿಕ್ಕಮ್ಮನ ಮಗ, ಹಿಲ್ಲೂರಿನ ರೈತರೊಬ್ಬರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅವರು ಗುಮಟೆ ಬಾರಿಸುವವರು. ಗುಮಟೆಯೆಂದರೆ ಮಣ್ಣಿನ ಗಡಿಗೆಯ ಬಾಯಿಗೆ ಆಡಿನ ಚರ್ಮ ಬಿಗಿದ ನಮ್ಮ ಕಡೆಯ ವಾದ್ಯ. ಐವತ್ತು ದಾಟಿದವರು, ನಾವು ಮಾವ ಎಂದೇ ಕರೆಯುತ್ತಿದ್ದೆವು. ಗಿಟಾರಿನ ಜೊತೆ ಆ ಗುಮಟೆ ಕೂಡಿದ ಗಳಿಗೆ ಇದೆಯಲ್ಲ, ಮೈಮೇಲೆ ಮುಳ್ಳೆದ್ದವು. ಇದು ನಮ್ಮದೇ ರಾಕ್ ಎಂದು ಕೂಗಬೇಕೆನಿಸಿತು, ಮೈಕ್ ಚಾಲೂ ಇದ್ದದ್ದರಿಂದ ಬಾಯಿ ಮುಚ್ಚಿಕೊಂಡೆ.

ಆದರೆ ಕೇಂದ್ರದ ಉಸ್ತುವಾರಿ ಇದ್ದದ್ದು ನಿವೃತ್ತ ಮಾಸ್ತರರೊಬ್ಬರ ಕೈಯಲ್ಲಿ. ಇಷ್ಟು ತಿಂಗಳಾದರೂ ಒಂದು ಕಾಗದವಿಲ್ಲ, ಒಂದು ಫೋನಿಲ್ಲ, ಯಾರೂ ಕೇಳದ ಗದ್ದಲಕ್ಕೆ ಕರೆಂಟು ಯಾಕೆ ಸುಡಬೇಕು ಎಂದು ಅವರ ತಕರಾರು. ಬರುವ ಶನಿವಾರ ತಾವೇ ಬಂದು ಕೂರುವುದಾಗಿಯೂ, ಒಂದು ಫೋನಾದರೂ ಬಂದರೆ ಕಾರ್ಯಕ್ರಮ ಉಳಿಯುವುದಾಗಿಯೂ, ಇಲ್ಲವಾದರೆ ಮುಂದಿನ ವಾರದಿಂದ ಆ ತಾಸಿನಲ್ಲಿ ಹಲ್ಲಿನ ಆರೈಕೆ ಎಂದೂ ಹೇಳಿಬಿಟ್ಟರು. ನಿಮ್ಮ ನಿಮ್ಮ ಮನೆಯವರ ಫೋನು ನಡೆಯುವುದಿಲ್ಲ ಎಂದೂ ಸೇರಿಸಿದರು. ಆಯಿಗೆ ನಂಬರ್ ಬಾಯಿಪಾಠ ಮಾಡಿಸಿದ್ದೆ, ಅದೂ ದಂಡವಾಯಿತು. ಹಲ್ಲಿನ ಆರೈಕೆಯಂತೆ! ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೂ ನುಂಗಿಕೊಂಡೆ.

ಆ ಶನಿವಾರ ನೇರ ಪ್ರಸಾರ. ಬೆಳಗಿನಿಂದ ಮೋಡ ಕಟ್ಟಿ ಗಾಳಿಯೆಲ್ಲ ತೇವ. ಮಾವ ಮೂರು ಗುಮಟೆ ತಂದಿದ್ದರು, ಮೂರರ ಚರ್ಮವೂ ಸಡಿಲು. ಚರ್ಮ ಕಾಸದೆ ಗುಮಟೆ ನುಡಿಯುವುದಿಲ್ಲ. ಬೆಂಕಿ ಹಾಕೋಣವೆಂದರೆ ಹೊರಗೆ ಹನಿ ಶುರುವಾಗಿತ್ತು. ನಾನು ವೈರುಗಳ ನಡುವೆ ತಲೆ ಹುಗಿಸಿಕೊಂಡಿದ್ದಾಗ ಮಾವ ಬಾಗಿಲಲ್ಲಿ ನಿಂತು, ಪಕ್ಕದ ಕೋಣೆಯಲ್ಲಿ ಬೆಚ್ಚಗಿನ ಜಾಗ ಇದೆ, ಇಡಲಾ ಎಂದು ಕೇಳಿದರು. ತಿರುಗಿಯೂ ನೋಡದೆ ಇಡಿ ಇಡಿ ಎಂದೆ.

ಐದು ಹೊಡೆಯಿತು. ಬೆಚ್ಚಗಾದ ಒಂದು ಗುಮಟೆ ತಂದು ಮಾವ ಬಾರಿಸತೊಡಗಿದರು. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸುತ್ತ, ಎಂಥ ಹೊಡೆತ! ನನ್ನ ತಮ್ಮನ ಗಿಟಾರ್ ಅದರ ಹಿಂದೆ ಓಡೋಡಿ ಬರುತ್ತಿತ್ತು. ಗಾಜಿನ ಆಚೆ ಮಾಸ್ತರರು ಪುಟ್ಟ ರೇಡಿಯೋ ಕಿವಿಗೆ ಹಿಡಿದು ಕೂತಿದ್ದರು. ಕಾಲು ತಾಸಾಗಿರಬೇಕು, ಅವರ ಮೇಜಿನ ಫೋನು ಬಡಿದುಕೊಂಡಿತು. ಎತ್ತಿದರು. ಇಟ್ಟರು. ಮತ್ತೆ ಬಡಿದುಕೊಂಡಿತು! ನಾನು ಕುರ್ಚಿಯಲ್ಲೇ ಕುಣಿದೆ. ಹಾಡು ಮುಗಿದದ್ದೇ ಹೊರಗೆ ಓಡಿದೆ.

ಮಾಸ್ತರರ ಕೈಯಲ್ಲಿದ್ದ ರೇಡಿಯೋ ಬರೀ ಸುಂಯ್ ಎನ್ನುತ್ತಿತ್ತು. ನಮ್ಮ ಪ್ರಸಾರ ನಿಂತು ಹತ್ತು ನಿಮಿಷವಾಗಿತ್ತಂತೆ, ಆ ಎರಡು ಫೋನೂ ಅದನ್ನು ಹೇಳಲೇ ಬಂದವಂತೆ. ಪಕ್ಕದ ಕೋಣೆಗೆ ಹೋಗಿ ನೋಡಿದರೆ, ಟ್ರಾನ್ಸ್‌ಮಿಟರಿನ ನೆತ್ತಿಯ ಮೇಲೆ ಎರಡು ಗುಮಟೆ ಬೋರಲು ಮಲಗಿವೆ, ಬಿಸಿ ಹಾರಿಹೋಗಬಾರದೆಂದು ಮೇಲೊಂದು ಟವೆಲ್ ಬೇರೆ. ಬಿಸಿಗಾಳಿ ಹೊರಹೋಗುವ ಕಿಂಡಿಯೆಲ್ಲ ಮುಚ್ಚಿ, ಯಂತ್ರ ಕಾದು ತಾನಾಗಿ ಬಂದಾಗಿತ್ತು. ಒಲೆಯ ಕಟ್ಟೆಯ ಹಾಗೆ ಬೆಚ್ಚಗಿತ್ತು, ಅದಕ್ಕೇ ಇಟ್ಟೆ ಎಂದು ಮಾವ ಸಣ್ಣ ದನಿಯಲ್ಲಿ ಹೇಳಿದರು. ಬಾಯಿಗೆ ಬಂದ ಬೈಗುಳ ನಾಲಿಗೆಯ ಮೇಲೇ ನಿಂತಿತು. ಇಡಿ ಎಂದವಳು ನಾನೇ ಅಲ್ಲವೇ? ಮುಗಿಯಿತು ನಮ್ಮ ಕಥೆ ಎಂದುಕೊಳ್ಳುತ್ತ ಎರಡೂ ಗುಮಟೆ ಕೆಳಗಿಳಿಸಿದೆ.

ಅಷ್ಟರಲ್ಲಿ ಮೂರನೆಯ ಫೋನು. ಮಾಸ್ತರರು ಎತ್ತಿ ತಮ್ಮ ಪರಿಚಯ ಹೇಳುವಷ್ಟರಲ್ಲಿ ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು. ಹಾರವಾಡದ ಹೆಂಗಸು.

"ಎಂತಕೆ ಬಂದ್ ಮಾಡಿದ್ರಿ ಮಾಸ್ತರೆ? ಶನಿವಾರ ಇದನ್ನ ಹಚ್ಚಿಟ್ಕಂಡೇ ನಾವು ಹತ್ತು ಜನ ಒಣಮೀನು ತುಂಬೂದು."

ಹಾಗಾದರೆ ಇಷ್ಟು ದಿನ ಒಂದು ಫೋನೂ ಯಾಕೆ ಮಾಡಲಿಲ್ಲ ಎಂದು ಮಾಸ್ತರರು ತರಗತಿಯಲ್ಲಿ ಕೇಳುವಂತೆ ಕೇಳಿದರು.

"ಚೆಂದಾಗಿ ಬರ್ತಾ ಇರೂವಾಗ ಫೋನ್ ಮಾಡಿ ಎಂತ ಹೇಳೂದು?"

ಮಾಸ್ತರರು ತೆರೆದ ಬಾಗಿಲಿನಾಚೆ ಟವೆಲ್ ಎಳೆದು ಯಂತ್ರಕ್ಕೆ ಗಾಳಿ ಬೀಸುತ್ತಿದ್ದ ನನ್ನನ್ನು ನೋಡಿದರು, ಎಷ್ಟು ಹೊತ್ತು ಬೇಕೆಂದು ಕಣ್ಣಲ್ಲೇ ಕೇಳಿದರು. ಹತ್ತು ಬೆರಳು ತೋರಿಸಿದೆ.

"ಹತ್ತು ನಿಮಿಷ ತಡಿ ತಂಗಿ, ಬರ್ತದೆ," ಎಂದು ಫೋನಿಟ್ಟು ಮಾವನ ಕಡೆ ತಿರುಗಿದರು. "ಬೆಂಕಿ ಬೇಕು ಅಂದೇಳಿ ಮೊದ್ಲೇ ಹೇಳೂಕಾಗೂದಿಲ್ವಾ ಮಾರಾಯ? ಬರೂ ಶನಿವಾರ ಕರಟ ನಾನೇ ತರ್ತೆ."