ಕಿವಿ ಮುಚ್ಚಿಕೊಂಡು ನೋಡಿದ ಸಿನಿಮಾ

ಸಿನಿಮಾದಲ್ಲಿ ಮುಸುಕಿನ ಕೊಲೆಗಾರ ಬಾಗಿಲ ಹಿಂದೆ ನಿಂತನೆಂದರೆ ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಖಾಲಾ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮೆಹಂದಿ ಮಾಸಿದ ಎರಡು ತೋರುಬೆರಳು ಕಿವಿಯೊಳಗೆ. ಚಾಚಿದ ಮೊಣಕೈ ಪಕ್ಕದ ಸೀಟಿನಲ್ಲಿದ್ದ ನನ್ನ ಪಕ್ಕೆಗೆ. ಕಣ್ಣು ಮಾತ್ರ ಪರದೆಗೆ ಹೊಲಿದಂತೆ ತೆರೆದೇ.

ಹಾವೇರಿಯಲ್ಲಿ ನಮ್ಮ ಎದುರುಮನೆಯವರು, ಇಡೀ ಓಣಿಗೆ ಜಂಪರ್ ಹೊಲಿಯುವವರು. ರಕ್ತಸಂಬಂಧವಿಲ್ಲ, ಆದರೂ ನನಗೆ ಖಾಲಾ, ಅಂದರೆ ಚಿಕ್ಕಮ್ಮ. ಆ ಕೊಲೆಗಾರನ ಸರಣಿಯ ಹೊಸ ಭಾಗ ರಾಣೆಬೆನ್ನೂರಿಗೆ ಬಂತೆಂದರೆ ಮಷೀನಿಗೆ ಬಟ್ಟೆ ಮುಚ್ಚಿ, ನನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬರುತ್ತಿದ್ದ ನನಗೆ ಅವರಿಟ್ಟ ಹೆಸರು ವಕೀಲಸಾಹೇಬ.

ಒಂಬತ್ತನೆಯ ಭಾಗ ಮುಗಿದಾಗ ತಕರಾರು ಎತ್ತಿದೆ. ಎಂಟನೆಯದರಲ್ಲಿ ಸುಟ್ಟು ಬೂದಿಯಾದವನು ಈಗ ಎದ್ದು ಬಂದದ್ದಕ್ಕೆ ಒಂದು ಕಾರಣವಾದರೂ ಬೇಡವೇ, ಇದು ಪ್ರೇಕ್ಷಕರಿಗೆ ಮಾಡಿದ ಮೋಸ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ಖಾಲಾ ಹೇಳಿದರು:

“ಅಂವ ಹೋಗ್ತೇನಿ ಅಂತ ಹೇಳಿದ್ನೇನ? ನಾವೂ ಮನಿ ಬಿಡುವಾಗ ಬರ್ತೇನಿ ಅಂತೇವಿ. ಅಂವನೂ ಹಂಗ.”

ಇದು ವಾದವೇ ಅಲ್ಲ ಎಂದೆ. ಅವರಿಗೂ ಗೊತ್ತಿತ್ತು, ನಕ್ಕರು. ಕಿವಿಯ ವಿಷಯ ಕೇಳಿದಾಗ ಮಾತ್ರ ನಗಲಿಲ್ಲ.

“ಹೆದರಿಸೋದು ಚಾಕು ಅಲ್ಲ ಬೇಟಿ, ಬಾಜಾ. ಬಾಜಾ ತಗದು ನೋಡು. ಒಬ್ಬ ಮನಷ್ಯಾ ಚಾಕು ಹಿಡ್ಕೊಂಡು ನಿಂತಾನ, ಅಷ್ಟ. ಯಾವ ಕಡೆ ಓಡಬೇಕಂತ ಕಾಣ್ತೈತಿ.”

ಬಾಜಾ ಎಂದರೆ ಅವರಿಗೆ ಹಿನ್ನೆಲೆ ಸಂಗೀತ. ಇಂದಿಗೂ ವೇದಿಕೆಯಲ್ಲಿ ಎದುರಾಳಿ ದನಿ ಏರಿಸಿದರೆ ನಾನು ಮೊದಲು ಬಾಜಾ ತೆಗೆಯುತ್ತೇನೆ, ಉಳಿದದ್ದಕ್ಕಷ್ಟೇ ಉತ್ತರ ಕೊಡುತ್ತೇನೆ.

ಇದನ್ನು ಕಲಿಸಿದ ಖಾಲಾ ತಮ್ಮ ಎದೆಯ ಗಂಟನ್ನು ತಿಂಗಳುಗಟ್ಟಲೆ ಸೆರಗಿನಡಿ ಬಚ್ಚಿಟ್ಟಿದ್ದರು. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು, ಆಪರೇಷನ್ ಈಗಲೇ ಆಗಬೇಕು, ತಡಮಾಡಿದರೆ ಕಷ್ಟ ಎಂದರು. ಬ್ಯಾಡಗಿಯಿಂದ ಬಂದಿದ್ದ ಖಾಲಾರ ಅಕ್ಕ ಮಂಚದ ಮೇಲೆ ಕುಳಿತು, ಚಾಕು ತಾಗಿದ ಮೇಲೆ ಯಾವ ಊರಲ್ಲಿ ಯಾರು ಸತ್ತರೆಂದು ಹೇಳಿ ಹೇಳಿ ಅಳತೊಡಗಿದರು. ಖಾಲಾ ಮನೆಗೆ ಹೋಗೋಣವೆಂದು ಚಪ್ಪಲಿಗೆ ಕಾಲು ತೂರಿಸಿದರು. ಸತ್ತವರ ಹೆಸರನ್ನಷ್ಟೇ ಹೇಳುತ್ತೀರಿ, ಉಳಿದು ಬಂದವರನ್ನು ಯಾರು ಲೆಕ್ಕ ಹಿಡಿದರು ಎಂದು ಅಕ್ಕನನ್ನು ಕೇಳಿದೆ. ವಾದ ಸರಿಯಾಗಿಯೇ ಇತ್ತು. ಅಳು ಇನ್ನೂ ಜೋರಾಯಿತು.

ಖಾಲಾರ ಹತ್ತಿರ ಬಗ್ಗಿ, “ಬಾಜಾ ತಗದು ನೋಡ್ರಿ, ಖಾಲಾ,” ಎಂದೆ.

ನನ್ನನ್ನೇ ನೋಡಿದರು. ಆಮೇಲೆ ಎರಡೂ ತೋರುಬೆರಳು ಕಿವಿಗೆ ಹೋದವು. ಹಾಗೆಯೇ ಅಕ್ಕನ ಅಲುಗುವ ತುಟಿ ನೋಡಿದರು, ಡಾಕ್ಟರ ಮುಖ ನೋಡಿದರು. ಚಪ್ಪಲಿ ಕಳಚಿದರು.

“ಮಾಡ್ರಿ, ಸಾಹೇಬ್ರ.”

ಒಳಗೆ ಒಯ್ಯುವಾಗ ನನ್ನ ಕಡೆ ತಿರುಗಿ, “ಬರ್ತೇನಿ, ವಕೀಲಸಾಹೇಬ,” ಎಂದರು.

ಬಂದರು. ಮತ್ತೆ ಕೆಲವು ವರ್ಷ ಜಂಪರ್ ಹೊಲಿದರು, ಅಳತೆಗೆ ಬಂದವರನ್ನೆಲ್ಲ ಗಂಟು ಐತೇನು ನೋಡ್ಕೊಂಡೀ ಎಂದು ಗದರಿದರು. ಆಮೇಲೆ ರೋಗ ಬೇರೆ ಕಡೆ ಎದ್ದಿತು. ಆಗ ಚಾಕುವಿಗೆ ಕೆಲಸವಿರಲಿಲ್ಲ.

ಹತ್ತನೆಯ ಭಾಗಕ್ಕೆ ಒಬ್ಬಳೇ ಹೋದೆ. ಸತ್ತವರು ಎದ್ದು ಬರುವುದಿಲ್ಲ. ಈ ಮಾತಿನಲ್ಲಿ ನಾನು ಈಗಲೂ ಒಂದಿಂಚು ಬಿಟ್ಟುಕೊಡುವುದಿಲ್ಲ. ಕೊಲೆಗಾರ ಮಾತ್ರ ಬಂದು ಬಾಗಿಲ ಹಿಂದೆ ನಿಂತ. ಬಾಜಾ ಏರತೊಡಗಿತು. ಕಿವಿಗೆ ಬೆರಳಿಟ್ಟುಕೊಂಡೆ. ನನ್ನ ಮೊಣಕೈ ಪಕ್ಕದ ಸೀಟಿನ ಮೇಲೆ ಚಾಚಿತು. ಯಾರ ಪಕ್ಕೆಗೂ ತಾಗಲಿಲ್ಲ.