ಗಾಳಿಗೆ ಹೊಟ್ಟೆ ಹೊಲಿಯುವ ತಮ್ರೀನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಂಬುಸುವಾಂಗ್ ಎಂಬ ಕಡಲೂರಿನ ಮರಳ ದಂಡೆಯಲ್ಲಿ ಅರವತ್ತಾರರ ತಮ್ರೀನ್ ಹಾಸಿದ ಹಾಯಿಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಹಲ್ಲಿನ ನಡುವೆ ದಾರ, ಅಂಗೈಗೆ ಕಟ್ಟಿಕೊಂಡ ಚರ್ಮದ ತುಂಡು, ಮೂಗಿನ ತುದಿಗೆ ಜಾರಿದ ಕನ್ನಡಕ. ಕೊನೆಯ ಅಂಚಿನಲ್ಲಿ ಒಂದು ಮಾರು ಹೊಲಿಗೆ ಬಾಕಿ. ನೆಲದಿಂದ ಕಡಲಿಗೆ ಬೀಸುವ ಗಾಳಿ ನಿಲ್ಲುವ ಮೊದಲು ದೋಣಿ ನೀರಿಗಿಳಿಯಬೇಕು.

"ಮಾತಾಡಿಸ್ಬೇಡಿ, ಹೊಲಿಗೆ ಓರೆ ಆಗುತ್ತೆ" ಎನ್ನುತ್ತಾರೆ. ಹಾಗೆಂದು ತಾವೇ ಮಾತು ಶುರುಮಾಡುತ್ತಾರೆ. ಹದಿನೆಂಟು ವರ್ಷದಿಂದ ಅವರ ನೆರೆಯವನಾದ ನನಗೆ ಇದೇನೂ ಹೊಸತಲ್ಲ.

ಪುವಾ ತಮ್ರೀನ್ ಎಂದು ಊರು ಗೌರವದಿಂದ ಕರೆಯುವ ಇವರು ದಬ್ಬಳ ಹಿಡಿದದ್ದು ಹದಿನಾಲ್ಕನೇ ವಯಸ್ಸಿಗೆ, ಸೋದರಮಾವನ ಕೈಕೆಳಗೆ. ಲೆಕ್ಕ ಇಂದಿಗೂ ಅದೇ, ಗೇಣಿಗೆ ಇಪ್ಪತ್ತು ಹೊಲಿಗೆ. "ಹತ್ತೊಂಬತ್ತಾದ್ರೆ ಗಾಳಿಗೆ ಗೊತ್ತಾಗುತ್ತೆ. ಇಪ್ಪತ್ತೊಂದಾದ್ರೆ ನನ್ನ ಸೊಂಟಕ್ಕೆ ಗೊತ್ತಾಗುತ್ತೆ!" ಮುಂದೆ ಹನ್ನೊಂದು ದೋಣಿಗಳಿದ್ದ ಧಣಿಯೊಬ್ಬರ ಬಳಿ ಹಾಯಿ ಹೊಲಿಯುವ ಕಾಯಂ ಕೆಲಸ ಸಿಕ್ಕಿತು. ದೋಣಿ ಕಣ್ಣಿಗೆ ಬೀಳುವ ಮೊದಲೇ, ಬಾನಂಚಿನ ಬಿಳಿ ಚುಕ್ಕೆ ನೋಡಿ ಅದು ತಮ್ಮ ಹಾಯಿಯೇ ಎಂದು ಹೇಳುತ್ತಿದ್ದರಂತೆ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಧಣಿ ಹನ್ನೊಂದಕ್ಕೂ ಎಂಜಿನ್ ಕೂರಿಸಿದರು. ತಮ್ರೀನರನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಇನ್ನು ಹಾಯಿ ಬೇಡ ಎಂದರು.

"ಬೈದಿದ್ರೆ ತಿರುಗಿ ಬೈಬಹುದಿತ್ತು. ಮರ್ಯಾದೆಯಾಗಿ ಹೇಳಿದ್ರು. ಮರ್ಯಾದೆಗೆ ಏನಂತ ಉತ್ತರ ಕೊಡೋದು? ಮಾರನೇ ದಿನ ಎದ್ದವನೇ ದಬ್ಬಳ ತಗೊಂಡು ಇಲ್ಲಿಗೇ ಬಂದೆ. ಬಂದು ಕೂತ ಮೇಲೆ ನೆನಪಾಯ್ತು, ಕೆಲಸ ಹೋಗಿದೆ ಅಂತ." ಇದನ್ನು ಹೇಳುವಾಗ ಮಾತ್ರ ಅವರ ಕೈ ನಿಲ್ಲುತ್ತದೆ.

ಆಮೇಲೆ ಹಿಡಿದದ್ದು ಸಂತೆಯ ಅಂಗಡಿಗಳಿಗೆ ಟಾರ್ಪಾಲಿನ ಚಪ್ಪರ ಹೊಲಿಯುವ ಕೆಲಸ. ಮೊದಲ ಗಿರಾಕಿ ಕಾಫಿ ಮಾರುವ ಜುಹ್ರಾ. ಹಾಯಿಯ ಪಟ್ಟಿಗಳನ್ನು ಚೂರು ಬಾಗಿಸಿ ಕತ್ತರಿಸಿದರೆ ಮಾತ್ರ ಅದಕ್ಕೆ ಹೊಟ್ಟೆ ಬರುತ್ತದೆ, ಗಾಳಿ ತುಂಬಿಕೊಳ್ಳುತ್ತದೆ. ರೂಢಿಬಿದ್ದ ಕೈ, ಜುಹ್ರಾಳ ಚಪ್ಪರಕ್ಕೂ ಹೊಟ್ಟೆ ಬಿಟ್ಟಿತು. ಮಧ್ಯಾಹ್ನ ಗಾಳಿ ಎದ್ದದ್ದೇ ತಡ, ಚಪ್ಪರ ನಾಲ್ಕೂ ಕಂಬ ಕಿತ್ತುಕೊಂಡು ಮಸೀದಿಯ ಗೋಡೆಯವರೆಗೆ ಹೋಯಿತು.

"ನಾನು ಕೇಳಿದ್ದು ನೆರಳು. ಈ ಪುವಾ ಕೊಟ್ಟಿದ್ದು ಪ್ರಯಾಣ!" ಎಂದು ಜುಹ್ರಾ ಇವತ್ತಿಗೂ ಗಿರಾಕಿಗಳ ಮುಂದೆ ಮಾನ ಕಳೆಯುತ್ತಾಳೆ. ಅಂದಿನಿಂದ ತಮ್ರೀನ್ ಚಪ್ಪಟೆಯಾಗಿ ಹೊಲಿಯಲು ಕಲಿತರು. ವಾರಕ್ಕೆ ಮೂರು ಚಪ್ಪರದಂತೆ ಹದಿಮೂರು ವರ್ಷ. "ಕಷ್ಟ ಏನಿಲ್ಲ. ಬೇಜಾರು, ಅಷ್ಟೇ."

ಈಗಿನ ಚಿಂತೆಯೂ ಅದರಿಂದಲೇ ಹುಟ್ಟಿದ್ದು. ಆಗಸ್ಟಿನ ದೋಣಿ ಪಂದ್ಯಕ್ಕೆ ಊರಿನ ಐದು ಹಾಯಿದೋಣಿಗಳು ಹೊರಡುತ್ತವೆ. ಪಟ್ಟಣದಿಂದ ತರಿಸಿದ ಹಾಯಿಗಳು ಹಲಗೆಯಂತೆ ನಿಲ್ಲುತ್ತವೆ ಎಂದು ರೋಸಿಹೋದ ನಾವಿಕ ಮುಸ್ತಾರಿ, ಒಂದನ್ನು ಹೊಲಿದುಕೊಡಿ ಎಂದು ತಮ್ರೀನರನ್ನು ಕೇಳಿದ್ದಾನೆ. ಇವತ್ತು ಇದು ಗಾಳಿ ಹಿಡಿದರೆ ಐದೂ ದೋಣಿಯ ಹಾಯಿ ಇವರಿಗೇ. ಇಲ್ಲದಿದ್ದರೆ ಮತ್ತೆ ಪಟ್ಟಣಕ್ಕೆ. ಹದಿಮೂರು ವರ್ಷ ಚಪ್ಪಟೆ ಹೊಲಿದ ಬೆರಳುಗಳಲ್ಲಿ ಆ ಬಾಗು ಉಳಿದಿದೆಯೇ? ತಮ್ರೀನರಿಗೇ ಗೊತ್ತಿಲ್ಲ.

ಕೊನೆಯ ಹೊಲಿಗೆ ಮುಗಿದು ಹಾಯಿ ಏರುತ್ತದೆ. ಮುಸ್ತಾರಿಯ ಬಿಳಿ ದೋಣಿ ದಂಡೆ ಬಿಡುತ್ತದೆ. ತಮ್ರೀನ್ ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಹೊಲಿದವನು ಮೊದಲ ಓಟ ನೋಡಬಾರದು ಎನ್ನುವುದು ಸೋದರಮಾವ ಹಾಕಿಕೊಟ್ಟ ಕಟ್ಟಳೆ. ತಿಂಡಿಗೆ ಜೆಪಾ ರೊಟ್ಟಿ ತಂದ ಹೆಂಡತಿ ಹಾಸ್ನಾ ಪಕ್ಕದಲ್ಲಿ ನಿಂತಿದ್ದಾರೆ. ತಮ್ರೀನರ ರೊಟ್ಟಿ ಕೈಯಲ್ಲೇ ಇದೆ, ಬಾಯಿಗೆ ಹೋಗುತ್ತಿಲ್ಲ.

"ಏನಾಗ್ತಿದೆ, ಹೇಳಮ್ಮಾ" ಎಂದು, ನೋಡಲು ದಂಡೆಗೆ ಬಂದಿರುವ ಜುಹ್ರಾಳನ್ನು ತಮ್ರೀನ್ ಕೇಳುತ್ತಾರೆ.

"ಅಯ್ಯೋ ಪುವಾ, ಮುಳು..."

"ಥೂ, ಬಾಯಿ ಮುಚ್ಚೇ!" ದಂಡೆಯ ಮುದುಕರೆಲ್ಲ ಒಟ್ಟಿಗೆ ಗದರುತ್ತಾರೆ. ದೋಣಿ ನೀರಲ್ಲಿರುವಾಗ ಆ ಮಾತು ಆಡುವಂತಿಲ್ಲ.

"ತಮಾಷೆಗೆ ಅಂದೆ! ಓಡ್ತಿದೆ ಪುವಾ. ಸೆರಗಿಗೆ ಬೆಂಕಿ ಬಿದ್ದವಳ ಥರ ಓಡ್ತಿದೆ!"

ತಮ್ರೀನ್ ನಂಬುವುದಿಲ್ಲ. ಜುಹ್ರಾಳನ್ನು ನಂಬಿ ಕೆಟ್ಟವರು ಬಹಳ. ನನ್ನ ಮುಖ ನೋಡುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಆದರೂ ತಿರುಗುವುದಿಲ್ಲ.

ಅರ್ಧ ಗಂಟೆಯ ಮೇಲೆ ಮುಸ್ತಾರಿ ನೀರಿಳಿಸುತ್ತ ಬಂದು ಎದುರು ನಿಲ್ಲುತ್ತಾನೆ. ಹೊಗಳುವುದು ಅವನ ಜಾಯಮಾನವಲ್ಲ.

"ಪುವಾ, ಕೆಳಗಿನ ಮೂಲೆ ಎರಡು ಬೆರಳು ಬಿಗಿ ಮಾಡಿ."

"ಅಷ್ಟೇನಾ?"

"ಅಷ್ಟೇ. ಮಿಕ್ಕ ನಾಲ್ಕು ಹಾಯಿಗೂ ಆ ಮೂಲೆ ಈಗಲೇ ಬಿಗಿಯಾಗಿ ಕತ್ತರಿಸಿಬಿಡಿ."

ತಮ್ರೀನ್ ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು. ಆಮೇಲೆ ಇಡೀ ದಂಡೆಗೆ ಕೇಳುವಂತೆ ಹೆಂಡತಿಗೆ ಹೇಳುತ್ತಾರೆ:

"ಹಾಸ್ನಾ, ಮಧ್ಯಾಹ್ನ ಊಟಕ್ಕೆ ನನಗೋಸ್ಕರ ಕಾಯ್ಬೇಡ. ಕೆಲಸ ಇದೆ."