ಕಸಿದು ತಿನ್ನುವ ಹಕ್ಕಿ

ಮಹಾರಾಷ್ಟ್ರ ರಾಜ್ಯವಾದ ಹೊಸತರಲ್ಲಿ, ಗಂಡ ತೀರಿಕೊಂಡ ಮೇಲೆ, ನಾನು ಕೊಲ್ಹಾಪುರದ ಕಾಲೇಜೊಂದರಲ್ಲಿ ಕಸ ಗುಡಿಸುತ್ತಿದ್ದೆ. ಒಂದು ದಿನ ಹೊಸ ಮಾಸ್ತರರು ಹುಲ್ಲು ತುಂಬಿಟ್ಟ ಎರಡು ಕಡಲಹಕ್ಕಿಗಳನ್ನು ಹೋಲಿಸಿ ನೋಡುವಾಗ, ಹಿಡಿದುಕೊಳ್ಳಲು ನನ್ನನ್ನು ಕರೆದರು. ಜೈನರ ಮನೆಯ ಸೊಸೆಯಾದ ನನಗೆ ಸತ್ತ ಹಕ್ಕಿಯನ್ನು ಮುಟ್ಟಲು ಕೈ ಬರಲಿಲ್ಲ; ಒಲ್ಲೆನೆಂದರೆ ಕೆಲಸ ಹೋದೀತೆಂದು ಕಡೆಗೆ ಹಿಡಿದುಕೊಂಡೆ.

“ಮೆಲ್ಲಕ ಹಿಡೀರಿ ಅಕ್ಕಾರ, ಎರಡೂ ಜಾತಿ ಭಾಳ ಕಡಿಮಿ ಉಳದಾವ. ಈ ಬಿಳೀದು ತಾನ ಧುಮುಕಿ ಮೀನ ಹಿಡೀತೈತಿ. ಆ ಕರೀದು ಅದರ ಬಾಯಾಗಿಂದ ಕಸ್ಗೊಂಡು ತಿಂತೈತಿ,” ಎಂದರು.

ಮನೆಗೆ ಬಂದು ನಡೆದುದನ್ನು ಹೇಳಿದೆ.

“ಹೆಣಾ ಮುಟ್ಟಿದ ಕೈಲೆ ನನ್ನ ಒಲಿ ಮುಟ್ಟಬ್ಯಾಡ!” ಎಂದರು ಅತ್ತೆ.

ಅಂದಿನಿಂದ ಅವರು ನನ್ನ ಕೈಯ ಅಡಿಗೆಯನ್ನು ಉಣ್ಣಲಿಲ್ಲ. ಪಗಾರವನ್ನು ಮಾತ್ರ ಅದೇ ಕೈಯಿಂದ ತಪ್ಪದೆ ತೆಗೆದುಕೊಂಡರು.

ಕರಿಯ ಹಕ್ಕಿ ಕಡಿಮೆಯಾಗಿದೆ ಎಂದ ಮಾಸ್ತರರು ನಮ್ಮ ಮನೆಗೆ ಒಮ್ಮೆಯೂ ಬಂದವರಲ್ಲ.